ಹಣ್ಣು ತಿನ್ನೋಕೂ ಮುಹೂರ್ತ ಬೇಕಾ?

"ಹಣ್ಣನ್ನು ಖಾಲಿ ಹೊಟ್ಟೆಯಲ್ಲೇ ತಿನ್ನಬೇಕು, ಊಟದ ಜೊತೆ ತಿಂದರೆ ಹೊಟ್ಟೆಯಲ್ಲಿ ಕೊಳೆಯುತ್ತೆ" ಅನ್ನೋ ವಾಟ್ಸಾಪ್ ಸಂದೇಶ ನಿಮ್ಮ ಮನೆಯ ಗ್ರೂಪಿಗೂ ಬಂದಿರಬಹುದು. ನಮ್ಮತ್ತೆಯವರು ಅದನ್ನು ವ್ರತದ ಹಾಗೆ ಹಿಡಿದುಬಿಟ್ಟರು. ಆದರೆ ಬೆಳಿಗ್ಗೆ ಎದ್ದ ಕೂಡಲೇ ಎಲ್ಲರಿಗೂ ಕಾಫಿ ಬೇಕು, ಆಮೇಲೆ ಸ್ಕೂಲು, ಆಫೀಸಿನ ಗಡಿಬಿಡಿ. ಖಾಲಿ ಹೊಟ್ಟೆಯ ಆ ಶುಭಘಳಿಗೆ ಯಾರಿಗೂ ಕೂಡಿಬರಲೇ ಇಲ್ಲ. ಸೀಬೆಹಣ್ಣು ಕೊಳೆತಿದ್ದು ಹೊಟ್ಟೆಯಲ್ಲಲ್ಲ, ಬುಟ್ಟಿಯಲ್ಲಿ!

ನಕ್ಕು ಸುಮ್ಮನಾಗೋ ಹಾಗಿರಲಿಲ್ಲ. ಅದೇ ಹೊತ್ತಿಗೆ, ಸದಾ ಸುಸ್ತು ಅನ್ನುತ್ತಿದ್ದ 14 ವರ್ಷದ ಮಗಳಿಗೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಬರೀ 9.1. ಮಾತ್ರೆ ಬರೆದುಕೊಟ್ಟ ಡಾಕ್ಟರಮ್ಮ, "ಸೊಪ್ಪು, ಕಾಳಿನ ಊಟದ ಜೊತೆಗೇ ಒಂದು ಸೀಬೆಹಣ್ಣೋ ಕಿತ್ತಳೆಯೋ ಕೊಡಿ. ಕಾಫಿ, ಟೀ ಮಾತ್ರ ಊಟಕ್ಕೆ ಅಂಟಿಸಬೇಡಿ, ಒಂದು ಗಂಟೆ ಬಿಡಿ" ಅಂದರು.

ಸಸ್ಯಾಹಾರದ ಕಬ್ಬಿಣಾಂಶ ಸುಲಭವಾಗಿ ಮೈಗೆ ಹತ್ತೋದಿಲ್ಲ. ಕರುಳು ಅದನ್ನು ಹೀರಿಕೊಳ್ಳಲು ವಿಟಮಿನ್ ಸಿ ನೆರವಾಗುತ್ತೆ. ಆದರೆ ಎರಡೂ ಒಂದೇ ಹೊತ್ತಿಗೆ ಹೊಟ್ಟೆ ಸೇರಬೇಕು. 100 ಗ್ರಾಂ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂಗೂ ಹೆಚ್ಚು ವಿಟಮಿನ್ ಸಿ ಇರುತ್ತೆ. ಇನ್ನು ಕೊಳೆಯೋ ಮಾತು: ಜಠರದ ಆಮ್ಲ ಅದಕ್ಕೆ ಅವಕಾಶವನ್ನೇ ಕೊಡೋದಿಲ್ಲ.

ಹಣ್ಣಿನ ಆಂಟಿಆಕ್ಸಿಡೆಂಟ್‌ಗಳ ಕಥೆಯೂ ಹೀಗೇ. ಊಟ ಆದ ಮೇಲಿನ ಕೆಲವು ಗಂಟೆ ದೇಹಕ್ಕೆ ಅವುಗಳ ಅಗತ್ಯ ಹೆಚ್ಚು. 2007ರಲ್ಲಿ ಅಮೆರಿಕದ ರೊನಾಲ್ಡ್ ಪ್ರಯರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಆಂಟಿಆಕ್ಸಿಡೆಂಟ್ ಇಲ್ಲದ ಊಟ ಮಾಡಿದವರ ರಕ್ತದಲ್ಲಿ ಆ ಶಕ್ತಿ ಇಳಿದಿತ್ತು. ದ್ರಾಕ್ಷಿ, ಕಿವಿ, ಚೆರ್ರಿಯಂಥ ಹಣ್ಣುಗಳು ಅದನ್ನು ಏರಿಸಿದ್ದವು. ಆದರೆ ಈ ಏರಿಕೆ ದಿನವಿಡೀ ನಿಲ್ಲೋದಿಲ್ಲ. ಹಾಗಾಗಿ ಒಂದೇ ಸಲ ಬುಟ್ಟಿ ಖಾಲಿ ಮಾಡೋದಕ್ಕಿಂತ ಪ್ರತಿ ಊಟಕ್ಕೂ ಸ್ವಲ್ಪ ಹಂಚಿಕೊಳ್ಳೋದು ಜಾಣತನ. ಪರಂಗಿ, ಮಾವಿಗೆ ಬಣ್ಣ ಕೊಡುವ ಕ್ಯಾರೊಟಿನ್ ಅಂತೂ ಊಟದ ತುಪ್ಪ, ಎಣ್ಣೆಯ ಜಿಡ್ಡು ಇದ್ದರೇ ಚೆನ್ನಾಗಿ ಮೈಗೆ ಹತ್ತೋದು.

ಇದನ್ನೆಲ್ಲಾ ಅತ್ತೆಗೆ ಹೇಳಿದರೆ ಕೇಳಬೇಕಲ್ಲ! ಕೊನೆಗೆ ಕೇಳಿದೆ: "ಮೊಸರನ್ನಕ್ಕೆ ದಾಳಿಂಬೆ, ದ್ರಾಕ್ಷಿ ಹಾಕೋದನ್ನ ನನಗೆ ಕಲಿಸಿದ್ದು ನೀವೇ ಅಲ್ವಾ ಅತ್ತೆ? ಹಬ್ಬದ ಎಲೆಗೆ ಬಾಳೆಹಣ್ಣಿನ ರಸಾಯನ, ಚಪಾತಿಗೆ ಮಾವಿನ ಸೀಕರಣೆ... ಆಗ ಯಾರ ಹೊಟ್ಟೇಲಿ ಏನು ಕೊಳೀತು?"

ಅತ್ತೆ ಒಂದು ಕ್ಷಣ ಸುಮ್ಮನಿದ್ದು, "ಅದೂ ನಿಜ ಕಣೇ" ಅಂದರು. ಮಾರನೇ ದಿನ ಮೊಮ್ಮಗಳ ಡಬ್ಬಿಗೆ ಸೀಬೆಹಣ್ಣು ಹೆಚ್ಚಿಟ್ಟವರು ಅವರೇ.

ನಾಲ್ಕು ತಿಂಗಳ ಮೇಲೆ ಹಿಮೋಗ್ಲೋಬಿನ್ 11.6ಕ್ಕೆ ಬಂತು. ದೊಡ್ಡ ಕೆಲಸ ಮಾತ್ರೆಯದ್ದೇ; ಹಣ್ಣು ಕೈಜೋಡಿಸಿತು ಅಷ್ಟೇ. ಸಕ್ಕರೆ ಕಾಯಿಲೆ ಇರುವವರು ಹಣ್ಣಿನ ಅಳತೆಯನ್ನು ತಮ್ಮ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ. ಉಳಿದವರು ಗಡಿಯಾರ ನೋಡ್ತಾ ಕೂರಬೇಡಿ. ಇವತ್ತಿನ ಸಾರನ್ನದ ತಟ್ಟೆಯ ಪಕ್ಕ ನಾಲ್ಕು ಹೋಳು ಹಣ್ಣು ಇಟ್ಟುಬಿಡಿ.