ಎರಡನೆಯವನು ಯಾರು?

ಲಂಡನ್ ನಗರದ ವಿಂಬಲ್ಡನ್‌ನಲ್ಲಿ ಪ್ರತಿವರ್ಷ ನಡೆಯುವ ಟೆನಿಸ್ ಪಂದ್ಯಾವಳಿಯ ಹೆಸರನ್ನು ಕೇಳದವರು ವಿರಳ. ಅದರ ಪುರುಷರ ಮತ್ತು ಮಹಿಳೆಯರ ಸಿಂಗಲ್ಸ್ ವಿಭಾಗಗಳಲ್ಲಿ ತಲಾ 128 ಜನ ಕಣಕ್ಕಿಳಿಯುತ್ತಾರೆ. ಸೋತವರು ಅಲ್ಲಿಗೇ ನಿರ್ಗಮಿಸಬೇಕು. 128 ಜನ 64 ಆಗಿ, 64 ಜನ 32 ಆಗಿ, ಹೀಗೆ ಏಳು ಸುತ್ತುಗಳು ಮುಗಿಯುವಷ್ಟರಲ್ಲಿ 127 ಪಂದ್ಯಗಳು ನಡೆದು, 127 ಜನ ಸೋತು, ಒಬ್ಬರು ಮಾತ್ರ ಉಳಿಯುತ್ತಾರೆ. ಆ ಒಬ್ಬರು ಪ್ರಶಸ್ತಿಗೆ ಅರ್ಹರೆಂಬುದರಲ್ಲಿ ತಕರಾರಿಲ್ಲ. ಉಳಿದವರ ಯೋಗ್ಯತೆಯ ಬಗೆಗೆ ಈ ಕ್ರಮವು ಏನು ಹೇಳುತ್ತದೆ ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ಮಠದ ಪಾಠಶಾಲೆಯಲ್ಲಿ ತರ್ಕ, ವ್ಯಾಕರಣಗಳನ್ನು ಓದಿ ಬೆಳೆದ ನನಗೆ ಈ ಆಟದ ಪರಿಚಯವಾದದ್ದು ಮೊಮ್ಮಗನಿಂದ. ಕಳೆದ ವರ್ಷ ಅವನು ಬಾಲಕರ ಪಂದ್ಯಾವಳಿಯೊಂದರ ಮೊದಲ ಸುತ್ತಿನಲ್ಲಿಯೇ ಸೋತುಬಂದ. ಅವನನ್ನು ಸೋಲಿಸಿದ ಹುಡುಗನೇ ಕೊನೆಗೆ ಕಪ್ ಗೆದ್ದನಂತೆ. "ಅಜ್ಜಾ, ಅವನ್ನ ಮೂರು ಸೆಟ್ ಆಡಿಸಿದಾಂವ ನಾ ಒಬ್ಬನ. ಫೈನಲ್‌ದಾಗ ಸೋತಾಂವ ಎರಡ ಸೆಟ್‌ನಾಗ ಮುಗದಾನ. ಎರಡನೇ ಬಹುಮಾನ ಅವಗ್ಯಾಕ?" ಎಂದು ಕೇಳಿದ. ನನ್ನ ಮಗನ ಲೆಕ್ಕಾಚಾರ ಬೇರೆಯಾಗಿತ್ತು. "ಮೊದಲನೇ ಸುತ್ತಿನಾಗ ಸೋಲೂದಕ್ಕ ಇಷ್ಟ್ಯಾಕ ಖರ್ಚು? ಇನ್ನ ಸಾಕು," ಎಂದು ಅವನು ತರಬೇತಿಯನ್ನು ನಿಲ್ಲಿಸಲು ಹೊರಟಿದ್ದ.

ಬಾಲಕನ ಪ್ರಶ್ನೆ ನನಗೆ ಹಟದಂತೆ ತೋರಲಿಲ್ಲ; ಅದರಲ್ಲಿ ತರ್ಕವಿತ್ತು. ಹುಡುಕಿ ಓದಿದಾಗ, ಅದೇ ಪ್ರಶ್ನೆಯನ್ನು 1883ರಲ್ಲಿಯೇ ಒಬ್ಬ ವಿದ್ವಾಂಸರು ಎತ್ತಿದ್ದರೆಂದು ತಿಳಿಯಿತು. ಅವರು ಆಕ್ಸ್‌ಫರ್ಡ್‌ನ ಗಣಿತಜ್ಞ ಚಾರ್ಲ್ಸ್ ಡಾಜ್ಸನ್. ಲೂಯಿಸ್ ಕ್ಯಾರಲ್ ಎಂಬ ಹೆಸರಿನಿಂದ ಮಕ್ಕಳಿಗಾಗಿ ಆಲಿಸ್‌ಳ ಕಥೆಯನ್ನು ಬರೆದವರೂ ಅವರೇ. ಟೆನಿಸ್ ಪಂದ್ಯಾವಳಿಗಳ ಬಹುಮಾನ ಹಂಚಿಕೆಯು ದೋಷಯುಕ್ತವೆಂದು ಅವರು ಒಂದು ಕಿರುಪುಸ್ತಕವನ್ನೇ ಪ್ರಕಟಿಸಿದರು.

ಅವರ ವಾದದ ತಿರುಳನ್ನು ವಿಂಬಲ್ಡನ್ನಿನ ಇಂದಿನ ಸಂಖ್ಯೆಗೆ ಅನ್ವಯಿಸಿ ನೋಡೋಣ. ಹೆಚ್ಚು ಸಮರ್ಥನಾದವನೇ ಯಾವಾಗಲೂ ಗೆಲ್ಲುತ್ತಾನೆಂದೂ, ಜೋಡಿಗಳನ್ನು ಕೇವಲ ಚೀಟಿ ಎತ್ತಿ ನಿರ್ಧರಿಸುತ್ತಾರೆಂದೂ ಇಟ್ಟುಕೊಳ್ಳಿ. ಪ್ರಥಮನ ಸ್ಥಾನ ಗೊತ್ತಾದ ಬಳಿಕ ದ್ವಿತೀಯನಿಗೆ ಉಳಿಯುವ ಸ್ಥಾನಗಳು 127. ಅವುಗಳಲ್ಲಿ 64 ಪಟ್ಟಿಯ ಇನ್ನೊಂದು ಅರ್ಧದಲ್ಲಿವೆ. ಅಲ್ಲಿಗೆ ಬಿದ್ದರೆ ಅವನು ಫೈನಲ್ ತಲಪುತ್ತಾನೆ. ಮಿಕ್ಕ 63ರಲ್ಲಿ ಯಾವುದು ಬಂದರೂ ಅದಕ್ಕೆ ಮೊದಲೇ ಪ್ರಥಮನ ಕೈಯಲ್ಲಿ ಸೋಲುತ್ತಾನೆ. ಎಂದರೆ ಹೆಚ್ಚುಕಡಿಮೆ ಅರ್ಧ ಸಲ ಎರಡನೆಯ ಬಹುಮಾನ ಎರಡನೆಯವನಿಗೆ ದಕ್ಕುವುದೇ ಇಲ್ಲ! ಒಬ್ಬ ಆಟಗಾರನಿಗಿಂತ ಮೂವರು ಮೇಲೆಂದು ಸಿದ್ಧವಾಗುವವರೆಗೆ ಅವನನ್ನು ಹೊರಗೆ ಕಳುಹಿಸಬಾರದೆಂಬುದು ಡಾಜ್ಸನ್‌ರು ಸೂಚಿಸಿದ ಪರಿಹಾರ. ವಿಂಬಲ್ಡನ್ ಅದನ್ನು ಅನುಸರಿಸಲಿಲ್ಲ.

ಹಾಗೆಂದು ವಿಂಬಲ್ಡನ್ನಿನವರು ಕೈಕಟ್ಟಿ ಕುಳಿತವರಲ್ಲ. 1877ರ ಮೊದಲ ಪಂದ್ಯಾವಳಿಯಲ್ಲಿ ಇದ್ದವರು 22 ಜನ. ಸಂಖ್ಯೆ ಸಮವಾಗಿ ಒಡೆಯದೆ ಕೊನೆಗೆ ಮೂವರು ಉಳಿದರು; ಅವರಲ್ಲಿ ಮಾರ್ಷಲ್ ಎಂಬವರು ಸೆಮಿಫೈನಲ್ ಆಡದೆಯೇ ಫೈನಲ್ ತಲಪಿದರು. ಮುಂದಿನ ವರ್ಷದಿಂದ, ಹಿಂದಿನ ವರ್ಷದ ವಿಜೇತನು ಉಳಿದವರೆಲ್ಲ ಸೆಣಸಿ ಮುಗಿಸುವವರೆಗೆ ವಿಶ್ರಮಿಸಿ, ಒಂದೇ ಪಂದ್ಯವಾಡಿ ಪಟ್ಟ ಉಳಿಸಿಕೊಳ್ಳಬಹುದಾಗಿತ್ತು. 1922ರಲ್ಲಿ ಆ ಸವಲತ್ತು ರದ್ದಾಯಿತು. 1927ರಿಂದ ಯೋಗ್ಯತೆಗನುಸಾರ ಶ್ರೇಯಾಂಕ ಕೊಟ್ಟು, ಪ್ರಬಲರು ಆರಂಭದಲ್ಲಿಯೇ ಪರಸ್ಪರ ಎದುರಾಗದಂತೆ ಅವರನ್ನು ಬೇರೆಬೇರೆ ಭಾಗಗಳಲ್ಲಿ ಇರಿಸತೊಡಗಿದರು. ಮೊದಲ ಇಬ್ಬರು ಶ್ರೇಯಾಂಕಿತರು ಈಗ ಫೈನಲ್‌ನಲ್ಲಿ ಮಾತ್ರ ಸಂಧಿಸಬಲ್ಲರು. 2001ರಲ್ಲಿ ಶ್ರೇಯಾಂಕಿತರ ಸಂಖ್ಯೆ 16ರಿಂದ 32ಕ್ಕೆ ಏರಿತು. ಆದರೂ ಉಳಿದ 96 ಜನರ ಪಾಲಿಗೆ ಇಂದಿಗೂ ಚೀಟಿಯೇ ಗತಿ. ಅವರಲ್ಲಿ ಯಾರು ಬೇಕಾದರೂ ಮೊದಲ ದಿನವೇ ಅಗ್ರಶ್ರೇಯಾಂಕಿತನೆದುರು ನಿಲ್ಲಬೇಕಾದೀತು.

ಮೊದಲ ಸುತ್ತಿನ ಸೋಲೆಂದರೆ ಕ್ಷುಲ್ಲಕವೆಂದು ಭಾವಿಸುವವರು 2010ರ ನಿಕೋಲಾ ಮಾಹುವನ್ನು ನೆನೆಯಬೇಕು. ಫ್ರಾನ್ಸಿನ ಈ ಆಟಗಾರ ಅರ್ಹತಾ ಸುತ್ತುಗಳನ್ನು ಗೆದ್ದು ಪ್ರಧಾನ ಹಂತಕ್ಕೆ ಬಂದವರು. ಮೊದಲ ಸುತ್ತಿನಲ್ಲಿ ಅಮೆರಿಕದ ಜಾನ್ ಇಸ್ನರ್ ಎದುರಾದರು. ಪಂದ್ಯ ಮೂರು ದಿನಗಳಿಗೆ ಹರಡಿ, 11 ಗಂಟೆ 5 ನಿಮಿಷ ನಡೆಯಿತು. ಐದನೆಯ ಸೆಟ್ 70–68ರಲ್ಲಿ ಇಸ್ನರ್ ಪಾಲಾಯಿತು. ಒಟ್ಟು 980 ಪಾಯಿಂಟುಗಳಲ್ಲಿ ಮಾಹು ಗೆದ್ದವು 502, ಇಸ್ನರ್ ಗೆದ್ದವು 478! ಹೆಚ್ಚು ಪಾಯಿಂಟು ಗಳಿಸಿದವರೇ ಸೋತರು; ಏಕೆಂದರೆ ಇಲ್ಲಿ ಎಣಿಸುವುದು ಸೆಟ್ಟುಗಳನ್ನು. ಇಂತಹ ದೀರ್ಘ ಹೋರಾಟ ಮರುಕಳಿಸದಿರಲೆಂದು 2019ರಲ್ಲಿ ಅಂತಿಮ ಸೆಟ್ಟಿಗೂ ಟೈಬ್ರೇಕರ್ ತಂದರು; 2022ರಿಂದ ಆ ಸೆಟ್ 6–6 ಆದೊಡನೆ ಮೊದಲು ಹತ್ತು ಪಾಯಿಂಟು ಗಳಿಸುವವರೆಗೆ ಆಡಿಸಲಾಗುತ್ತದೆ. ಆದರೆ 2010ರ ದಾಖಲೆಯಲ್ಲಿ ಮಾಹುವಿನ ಹೆಸರಿನ ಮುಂದೆ ಇರುವುದು 'ಮೊದಲ ಸುತ್ತಿನಲ್ಲಿ ಪರಾಭವ' ಎಂಬುದಷ್ಟೇ.

ಇದನ್ನೆಲ್ಲ ತಂದೆ-ಮಗ ಇಬ್ಬರನ್ನೂ ಕೂರಿಸಿಕೊಂಡು ವಿವರಿಸಿದೆ. ಮೊಮ್ಮಗನಿಗೆ, "ನೀನು ಎರಡನೆಯವನೆಂದು ಸಿದ್ಧವಾಗಿಲ್ಲ, ಅಲ್ಲವೆಂದೂ ಸಿದ್ಧವಾಗಿಲ್ಲ. ಮೂರು ಸೆಟ್ ಆಡಿದ್ದು ಪುರಾವೆಯಾಗದು, ಆ ದಿನ ಗೆದ್ದವನ ಆಟವೇ ಮಂಕಾಗಿದ್ದಿರಬಹುದು," ಎಂದೆ. ಅವನಿಗೆ ಅದು ರುಚಿಸಲಿಲ್ಲ. ಮಗನಿಗೆ, "ಮೊದಲನೆಯ ಸುತ್ತು ಎಂಬ ಮಾತಿನಿಂದ ಹುಡುಗನನ್ನು ಅಳೆಯಬೇಡ. ಆ ಸುತ್ತನ್ನು ಗೊತ್ತುಮಾಡಿದ್ದು ಚೀಟಿ. ಅವನು ಆಡುವುದನ್ನು ನೀನೇ ಹೋಗಿ ನೋಡು, ಆಮೇಲೆ ತೀರ್ಮಾನಿಸು," ಎಂದೆ. ಅವನು ಅಲ್ಲಿಯವರೆಗೆ ಒಂದು ಪಂದ್ಯವನ್ನೂ ನೋಡಿರಲಿಲ್ಲ. ನೋಡಿ ಬಂದ ಮೇಲೆ ಇನ್ನೊಂದು ವರ್ಷದ ಶುಲ್ಕ ಕಟ್ಟಿದ.

ಸೋತವರನ್ನು ಹೊರಹಾಕುತ್ತ ಸಾಗುವ ಸ್ಪರ್ಧೆಯು ಒಂದೇ ಪ್ರಶ್ನೆಗೆ ಉತ್ತರ ಕೊಡಬಲ್ಲುದು: ಸೋಲದೆ ಉಳಿದವರು ಯಾರು? ಎರಡನೆಯವರು ಯಾರು, ಹತ್ತನೆಯವರು ಯಾರು ಎಂಬುದನ್ನು ನಿರ್ಣಯಿಸುವ ಶಕ್ತಿ ಅದಕ್ಕಿಲ್ಲ. ಮಕ್ಕಳು ಇಂತಹ ಸ್ಪರ್ಧೆಯಿಂದ ಸೋತು ಮನೆಗೆ ಬಂದಾಗ ಎಷ್ಟನೆಯ ಸುತ್ತು ಎಂದು ಕೇಳುವ ಮುನ್ನ, ಎದುರಿಗೆ ಯಾರಿದ್ದರು, ಹೇಗೆ ಆಡಿದೆ ಎಂದು ತಾಯಿತಂದೆಗಳು ಕೇಳುವುದು ಲೇಸು. ಮಾಹು ಆ ಸೋಲಿನ ತರುವಾಯವೂ ಆಟವನ್ನು ಬಿಡಲಿಲ್ಲ. 2016ರಲ್ಲಿ ಅದೇ ವಿಂಬಲ್ಡನ್ನಿನಲ್ಲಿ ಪಿಯರ್ ಹ್ಯೂಗ್ ಹೆರ್ಬೆರ್ ಅವರೊಡಗೂಡಿ ಪುರುಷರ ಡಬಲ್ಸ್ ಪ್ರಶಸ್ತಿ ಗೆದ್ದರು. ಆಗ ಅವರ ವಯಸ್ಸು 34.