ಷಾರ್ಲೆಟ್ ಡೈರಿ, ಭಾಗ 23: ನೀರು ಕಾಯಿಸೋ ಅಮ್ಮ, ಪತ್ರ ಓದದ ನರ್ಸ್

ಊರಿಂದ ಹೊಸದಾಗಿ ಬರುವ ಹುಡುಗಿಯರು ನನಗೆ ಮೆಸೇಜ್ ಮಾಡಿ ಕೇಳೋ ಮೊದಲ ಪ್ರಶ್ನೆ ಸಂಬಳದ್ದು. ಎರಡನೇದು, "ಅಕ್ಕಾ, ಅಲ್ಲಿ ನಲ್ಲಿ ನೀರು ಹಾಗೇ ಕುಡೀಬಹುದಾ?" ಹೂಂ ಅಂತ ಒಂದೇ ಮಾತಲ್ಲಿ ಮುಗಿಸಬಹುದು. ಆದರೆ ಈ ಪ್ರಶ್ನೆಯಲ್ಲಿ ನಾನೇ ಒಂದು ಸಲ ಫೇಲಾಗಿದ್ದೀನಿ. ಇವತ್ತು ಅದನ್ನೇ ಬರೀತೀನಿ.

2024ರ ಡಿಸೆಂಬರ್. ಮಗಳಿಗೆ ಮೂರು ತಿಂಗಳು. ಬಾಣಂತನಕ್ಕೆ ಅಂತ ಅಮ್ಮ ಪಾವಗಡದಿಂದ ಬಂದಿದ್ದರು. ರಜೆ ಮುಗಿದು ನಾನು ಮತ್ತೆ ನೈಟ್ ಶಿಫ್ಟ್‌ಗೆ ಹೋಗೋಕೆ ಶುರು ಮಾಡಿದ್ದೆ. ಎದೆಹಾಲು ಸಾಲದೆ ರಾತ್ರಿ ಎರಡು ಸಲ ಪುಡಿಹಾಲು ಕೊಡ್ತಿದ್ವಿ. ಒಂದು ಬೆಳಗ್ಗೆ ಡ್ಯೂಟಿ ಮುಗಿಸಿ ಎಂಟು ಗಂಟೆಗೆ ಮನೆಗೆ ಬಂದರೆ, ಅಮ್ಮ ಬಿಸಿನೀರಿನ ನಲ್ಲಿಗೆ ಪಾತ್ರೆ ಹಿಡಿದು ನಿಂತಿದ್ದಾರೆ.

"ಅಮ್ಮಾ, ಅದ್ಯಾಕೆ ಆ ನಲ್ಲೀಲಿ ಹಿಡೀತಿದ್ದೀಯ?"

"ಬೇಗ ಕುದಿಯುತ್ತೆ ಕಣೇ. ಹೆಂಗಿದ್ರೂ ಹತ್ತು ನಿಮಿಷ ಕುದಿಸ್ತೀನಲ್ಲ, ಮಗೀಗೆ ಏನೂ ಆಗಲ್ಲ."

ನನ್ನ ಕೈಕಾಲು ತಣ್ಣಗಾದವು. ಯಾಕಂದ್ರೆ ಹಿಂದಿನ ತಿಂಗಳು ಬಂದಿದ್ದ ಒಂದು ಪತ್ರ ಇನ್ನೂ ಫ್ರಿಜ್ ಮೇಲೆ ಮ್ಯಾಗ್ನೆಟ್‌ನಲ್ಲಿ ನೇತಾಡ್ತಿತ್ತು. ನಾನು ಅದನ್ನ ಪೂರ್ತಿ ಓದಿರಲಿಲ್ಲ.

ಆ ಪತ್ರದ ಹಿನ್ನೆಲೆ ಹೇಳ್ತೀನಿ. ಬೀದಿಯ ದೊಡ್ಡ ಪೈಪಿನಿಂದ ಪ್ರತಿ ಮನೆಗೆ ಬರೋ ಸಣ್ಣ ಪೈಪ್ ಯಾವ ಲೋಹದ್ದು ಅನ್ನೋ ಪಟ್ಟಿಯನ್ನ ದೇಶದ ಎಲ್ಲ ನೀರು ಸರಬರಾಜು ಸಂಸ್ಥೆಗಳೂ 2024ರ ಅಕ್ಟೋಬರ್ 16ರ ಒಳಗೆ ಕೊಡಬೇಕಿತ್ತು. ಸೀಸದ ಪೈಪ್ ಇದ್ದವರಿಗೂ, ಯಾವುದು ಅಂತ ಗೊತ್ತಿಲ್ಲದವರಿಗೂ ಪತ್ರ ಹಾಕಲೇಬೇಕು ಅಂತ ನಿಯಮ. ನಮ್ಮದು 1950ರ ದಶಕದ ಬಾಡಿಗೆ ಮನೆ. ನಮ್ಮ ಪತ್ರದಲ್ಲಿ ಇದ್ದದ್ದು: ಪೈಪ್ ಯಾವುದು ಅಂತ ಗೊತ್ತಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ: ಅಡುಗೆಗೆ, ಕುಡಿಯೋಕೆ, ಮಗುವಿನ ಹಾಲಿಗೆ ತಣ್ಣೀರಿನ ನಲ್ಲಿಯನ್ನೇ ಬಳಸಿ. ಕುದಿಸಿದರೆ ಸೀಸ ಹೋಗೋದಿಲ್ಲ.

ಷಾರ್ಲೆಟ್‌ನ ನೀರು ಕೆಟ್ಟದ್ದಲ್ಲ. ಕಟಾಬಾ ನದಿಗೆ ಕಟ್ಟಿದ ಮೌಂಟನ್ ಐಲ್ಯಾಂಡ್ ಲೇಕ್ ಮತ್ತು ಲೇಕ್ ನಾರ್ಮನ್‌ನಿಂದ ನೀರೆತ್ತಿ, ಮೂರು ಘಟಕಗಳಲ್ಲಿ ಶುದ್ಧ ಮಾಡಿ ಕಳಿಸ್ತಾರೆ. ಪ್ರತಿ ವರ್ಷ ನೀರಿನ ಗುಣಮಟ್ಟದ ವರದಿ ಬರುತ್ತೆ, ಯಾರು ಬೇಕಾದ್ರೂ ಓದಬಹುದು. ಆದರೆ ಸೀಸ ಕೆರೆಯಿಂದ ಬರೋದಲ್ಲ. ಹಳೇ ಪೈಪು, ಬೆಸುಗೆ, ಹಿತ್ತಾಳೆ ನಲ್ಲಿಗಳಿಂದ ನಿಧಾನಕ್ಕೆ ನೀರಿಗೆ ಬಿಡುತ್ತೆ. ಅಮೆರಿಕದಲ್ಲಿ ಸೀಸದ ಪೈಪು, ಬೆಸುಗೆ ನಿಷೇಧ ಆಗಿದ್ದೇ 1986ರಲ್ಲಿ. ಬಿಸಿನೀರಿಗೆ ಸೀಸ ಇನ್ನೂ ಬೇಗ ಕರಗುತ್ತೆ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತೆ, ಸೀಸ ಅಲ್ಲೇ ಉಳಿಯುತ್ತೆ.

ಘಟಕದಲ್ಲಿ ಏನೋ ಬದಲಾಯಿಸಿದರೆ ಮನೆ ಪೈಪಲ್ಲಿ ಏನಾಗುತ್ತೆ ಅನ್ನೋದಕ್ಕೆ ವಾಷಿಂಗ್ಟನ್ ಡಿಸಿಯೇ ಸಾಕ್ಷಿ. 2000ದಲ್ಲಿ ಅಲ್ಲಿ ಕ್ಲೋರಿನ್ ಬದಲು ಕ್ಲೋರಮಿನ್ ಹಾಕಿದರು. ಪೈಪಿನ ಒಳಪದರ ಸಡಿಲವಾಗಿ ಸಾವಿರಾರು ಮನೆಗಳ ನೀರಲ್ಲಿ ಸೀಸ ಏರಿತು. ಜನಕ್ಕೆ ಸರಿಯಾಗಿ ಗೊತ್ತಾಗಿದ್ದು 2004ರಲ್ಲಿ, ಪತ್ರಿಕೆ ಬರೆದ ಮೇಲೆ. 2014ರಲ್ಲಿ ಮಿಷಿಗನ್‌ನ ಫ್ಲಿಂಟ್‌ನಲ್ಲಿ ನದಿ ನೀರಿಗೆ ಬದಲಾಯಿಸಿ, ಪೈಪ್ ಸವೆಯದಂತೆ ಹಾಕೋ ರಾಸಾಯನಿಕವನ್ನೇ ಹಾಕಲಿಲ್ಲ. ಮಕ್ಕಳ ರಕ್ತದಲ್ಲಿ ಸೀಸ ಏರಿದ್ದನ್ನ ಲೆಕ್ಕ ಸಮೇತ ತೋರಿಸಿದ್ದು ಅಲ್ಲಿನ ಮಕ್ಕಳ ಡಾಕ್ಟರ್ ಮೋನಾ ಹನ್ನಾ ಅತಿಶಾ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಪತ್ರ ಓದಿರಲಿಲ್ಲ.

ಅಮ್ಮನ ಮೇಲೆ ರೇಗಿಬಿಟ್ಟೆ. ಅವರು ಪಾತ್ರೆ ಕೆಳಗಿಟ್ಟು ಸುಮ್ಮನೆ ಕೂತರು. ಆಮೇಲೆ ಮೆಲ್ಲಗೆ ಕೇಳಿದರು, "ಕಾಯಿಸಿದ ನೀರೂ ವಿಷ ಅಂದ್ರೆ ಇನ್ನೇನು ಮಾಡೋದು ಕಣೇ?"

ಅವರು ಹಾಗೆ ಕೇಳೋಕೆ ಕಾರಣ ಇದೆ. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತ ಸುದ್ದಿ ನೋಡಿದ ಹೆಂಗಸು. ವಾಂತಿಭೇದಿಯ ರೋಗಾಣುವಿಗೆ ಕಾಯಿಸೋದೇ ಮದ್ದು, ಅದರಲ್ಲಿ ಅಮ್ಮನದು ತಪ್ಪಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಬಂದಾಗ, ಇಲ್ಲಿಂದ ಎರಡು ಗಂಟೆ ದಾರಿಯ ಆಶ್‌ವಿಲ್‌ನಲ್ಲಿ ಪೈಪುಗಳೇ ಕೊಚ್ಚಿಹೋದವು. ನೀರು ಮತ್ತೆ ಹಾಗೇ ಕುಡಿಯೋ ಹಾಗಾಗಿದ್ದು ನವೆಂಬರ್ 18ಕ್ಕೆ. ಅಲ್ಲಿಯವರೆಗೆ ಅಮೆರಿಕದವರೂ ಬಾಟಲಿ ನೀರು ಹೊತ್ತರು, ನೀರು ಕಾಯಿಸಿದರು.

ಆದರೆ ಕಾಯಿಸಿದರೆ ಹೋಗದ ವಿಷ ನಮ್ಮ ಮನೆಗೆ ಹೊಸದಲ್ಲ. ಪಾವಗಡದ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ನನ್ನ ಮುಂದಿನ ಹಲ್ಲುಗಳ ಕಂದು ಪಟ್ಟೆ ಅದರದ್ದೇ. ನಮ್ಮಜ್ಜಿ ಕಡೆಗಾಲದಲ್ಲಿ ಮಂಡಿ ಮಡಿಸಲಾರದೆ, ಬೆನ್ನು ಬಾಗಿ, ಗೋಡೆ ಹಿಡಿದು ನಡೆದರು. ಅಮ್ಮ ಅವರಿಗೆ ದಿನಾ ಕಾಯಿಸಿ ಆರಿಸಿದ ನೀರೇ ಕೊಡ್ತಿದ್ದರು.

ಅಮ್ಮನ ಪಕ್ಕ ಕೂತು, "ಅಜ್ಜಿ ನೀರಿನ ಹಾಗೇ ಅಮ್ಮ ಇದು" ಅಂದೆ. ಅವರಿಗೆ ತಕ್ಷಣ ಅರ್ಥ ಆಯ್ತು. ಬೇರೆ ಏನೂ ವಿವರಿಸಬೇಕಾಗಲಿಲ್ಲ.

(ಇನ್ನೊಂದು ವಿಚಿತ್ರ: ನಾರ್ತ್ ಕ್ಯಾರೊಲಿನಾದಲ್ಲಿ ನೀರಿಗೆ ಫ್ಲೋರೈಡ್ ಸೇರಿಸಿದ ಮೊದಲ ಊರು ಷಾರ್ಲೆಟ್, 1949ರಲ್ಲಿ. ಈಗ ದೇಶದಲ್ಲಿ ಶಿಫಾರಸು ಮಾಡಿರೋ ಅಳತೆ 0.7 ಮಿಲಿಗ್ರಾಂ, ಹಲ್ಲು ಹುಳುಕಾಗದಿರಲಿ ಅಂತ. ಪಕ್ಕದ ಯೂನಿಯನ್ ಕೌಂಟಿಯವರು ಬೇಡ ಅಂತ 2024ರಲ್ಲಿ ಮತ ಹಾಕಿದರು. ಅಜ್ಜಿಯ ಮಂಡಿ ಮುರಿದದ್ದನ್ನ ಇಲ್ಲಿ ಅಳೆದು ಹಾಕ್ತಾರೆ ಅಂದಾಗ ಅಮ್ಮ ನಂಬಲೇ ಇಲ್ಲ. ಅಳತೆಯಲ್ಲೇ ಎಲ್ಲ ಇರೋದು.)

ಆಮೇಲೆ ಮಾಡಿದ್ದು ಇಷ್ಟು. ನೀರು ಒಳಬರೋ ಕಡೆ ಪೈಪನ್ನ ಬೀಗದ ಕೈಯಲ್ಲಿ ಕೆರೆದು ನೋಡಿದ್ವಿ. ಸೀಸ ಮೆತ್ತಗೆ, ಕೆರೆದರೆ ಬೆಳ್ಳಿಯಂತೆ ಹೊಳೆಯುತ್ತೆ, ಮ್ಯಾಗ್ನೆಟ್ ಹಿಡಿಯಲ್ಲ. ನಮ್ಮದು ತಾಮ್ರ. ಲ್ಯಾಬ್‌ಗೆ ಮೂರು ಬಾಟಲಿ ಕಳಿಸಿದೆ. ರಾತ್ರಿಯೆಲ್ಲ ನಿಂತ ತಣ್ಣೀರಿನ ಮೊದಲ ಬಾಟಲಿಯಲ್ಲಿ 6 ಪಿಪಿಬಿ. ಎರಡು ನಿಮಿಷ ಹರಿಸಿದ ಮೇಲೆ ಹಿಡಿದದ್ದರಲ್ಲಿ ಪತ್ತೆ ಇಲ್ಲ. ಬಿಸಿನೀರಿನದ್ದರಲ್ಲಿ 11. ಸರ್ಕಾರ ಕ್ರಮ ಕೈಗೊಳ್ಳಬೇಕಾದ ಮಟ್ಟ 15, ಹೊಸ ನಿಯಮದಲ್ಲಿ ಅದು 10ಕ್ಕೆ ಇಳಿಯುತ್ತೆ. ಆದರೆ ಅದು ಊರಿಗೆ ಹಾಕಿದ ಲೆಕ್ಕ, ಮಗುವಿಗಲ್ಲ. ಮಗುವಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನೋ ಮಟ್ಟವೇ ಇಲ್ಲ.

ಮಗಳ ರಕ್ತ ಪರೀಕ್ಷೆ ಮಾಡಿಸಿದೆ. ಎಷ್ಟೋ ಮಕ್ಕಳಿಗೆ ಸೂಜಿ ಚುಚ್ಚಿದ ಕೈ, ಅವಳ ಕಾಲು ಹಿಡಿದುಕೊಳ್ಳೋವಾಗ ನಡುಗಿತು. ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ದಾಟಿದರೆ ಎಚ್ಚರ ವಹಿಸಬೇಕು. ಅವಳದು 1ಕ್ಕಿಂತ ಕಡಿಮೆ. ಮೂರು ದಿನ ಕಾದಿದ್ದೆ ಆ ಫೋನಿಗೆ. ಮನೆ ಓನರ್ ಅಡುಗೆಮನೆಯ ಹಳೇ ನಲ್ಲಿ ಬದಲಾಯಿಸಿಕೊಟ್ಟರು. ಸೀಸಕ್ಕೆ ಅಂತ ಎನ್‌ಎಸ್‌ಎಫ್ 53 ಗುರುತು ಇರೋ ಫಿಲ್ಟರ್ ತಂದೆ. ಎಲ್ಲ ಫಿಲ್ಟರೂ ಸೀಸ ತೆಗೆಯಲ್ಲ, ಡಬ್ಬಿ ಮೇಲೆ ಓದಿ ತಗೊಳ್ಳಿ.

ಹಾಗಾಗಿ ಕೇಳಿದವರಿಗೆಲ್ಲ ನನ್ನ ಉತ್ತರ: ಕುಡೀಬಹುದು. ಆದರೆ ನಿಮ್ಮ ಮನೆ ಯಾವ ವರ್ಷದ್ದು ಅಂತ ಕೇಳಿಕೊಳ್ಳಿ. ಬೆಳಗ್ಗೆ ತಣ್ಣೀರು ಒಂದೆರಡು ನಿಮಿಷ ಹರಿಸಿ. ಬಿಸಿನೀರಿನ ನಲ್ಲಿ ಪಾತ್ರೆಗೆ, ಸ್ನಾನಕ್ಕೆ ಮಾತ್ರ. ಮನೆಗೆ ಬಂದ ಪತ್ರ ಓದಿ.

ಅಮ್ಮ ಊರಿಗೆ ಹೋಗೋವರೆಗೂ ಬೆಳಗ್ಗೆ ಎದ್ದು ನಲ್ಲಿ ಬಿಟ್ಟು, ಆ ಮೊದಲ ನೀರನ್ನ ಬಕೆಟ್‌ನಲ್ಲಿ ಹಿಡಿದು ಬಾತ್‌ರೂಮಿಗೆ ಒಯ್ಯುತ್ತಿದ್ದರು. ನೀರು ಚೆಲ್ಲೋಕೆ ಪಾವಗಡದವರಿಗೆ ಮನಸ್ಸು ಬರಲ್ಲ. ಆಮೇಲೆ ಹಿಡಿದ ತಣ್ಣೀರನ್ನ ಮಾತ್ರ, ನಾನು ಎಷ್ಟು ಹೇಳಿದರೂ, ಹತ್ತು ನಿಮಿಷ ಕುದಿಸಿಯೇ ಇಡ್ತಿದ್ದರು. ನಾನೂ ಸುಮ್ಮನಾದೆ.

ಮುಂದಿನ ಭಾಗದಲ್ಲಿ ಸಿಗೋಣ.