ಬಾಯಿಗೆ ಬಾರದ ತುತ್ತು

ಕೃಷ್ಣಾಷ್ಟಮಿಯ ಮರುದಿನ ಕರಾವಳಿಯ ಯುವಕ ಮಂಡಲಗಳಿಗೆ ಬಿಡುವಿರುವುದಿಲ್ಲ. ಮೊಸರುಕುಡಿಕೆಯ ಮೈದಾನದಲ್ಲಿ ಎರಡು ಕಂಬಗಳ ನಡುವೆ ಹಗ್ಗ ಬಿಗಿದು, ದಾರ ಇಳಿಬಿಟ್ಟು, ತುದಿಗೊಂದೊಂದು ಬನ್ನು ಕಟ್ಟುತ್ತಾರೆ. ಸ್ಪರ್ಧಿಯ ಕೈ ಬೆನ್ನ ಹಿಂದೆ. ಬಾಯಿ ಹಾಕಿದೊಡನೆ ಬನ್ನು ಆಚೆ ತೂಗಿ, ಮರಳಿ ಬಂದು ಮೂಗಿಗೇ ಬಡಿಯುತ್ತದೆ. ಜಾಮ್ ಸವರಿದ್ದರಂತೂ ಹಣೆಯವರೆಗೂ ಸಿಹಿ. ಊರಿನಲ್ಲಿ ಗತ್ತಿನಿಂದ ಓಡಾಡುವ ಸೊಸೈಟಿ ಗುಮಾಸ್ತರೂ ಇಲ್ಲಿ ಕತ್ತು ಚಾಚಿ, ಬಾಯಿ ತೆರೆದು ನಿಲ್ಲಲೇಬೇಕು. ಮೈಕ್ ಹಿಡಿದವನಿಗೆ ಯಾರ ಮುಲಾಜೂ ಇಲ್ಲ, ಹೆಸರು ಹಿಡಿದೇ ಕೂಗುತ್ತಾನೆ.

ಇನ್ನೊಂದು ಆಟದಲ್ಲಿ ತಟ್ಟೆ ತುಂಬ ಮೈದಾಹಿಟ್ಟು, ಅದರೊಳಗೆ ಹುದುಗಿಸಿಟ್ಟ ಪೆಪ್ಪರ್‌ಮಿಂಟು. ಊದಿದರೆ ಹಿಟ್ಟು ಪಕ್ಕದವನ ಕಣ್ಣಿಗೆ, ಉಸಿರೆಳೆದರೆ ತನ್ನದೇ ಗಂಟಲಿಗೆ. ಬಲ್ಲವರು ಉಸಿರು ಬಿಗಿಹಿಡಿದು ತುಟಿಯಿಂದಲೇ ತಡಕುತ್ತಾರೆ. ಉಬ್ಬಸವಿರುವ ಹುಡುಗರನ್ನು ಇದಕ್ಕೆ ಇಳಿಸಬಾರದು.

ಅನ್ನ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಜನ ಈ ರಾಡಿಯನ್ನು ಹೇಗೆ ಒಪ್ಪುತ್ತಾರೆ? ಇಲ್ಲಿ ಯಾರೂ ಚೆಲ್ಲಲೆಂದು ಚೆಲ್ಲುವುದಿಲ್ಲ. ತಿನ್ನಲು ಹೋಗಿ, ಆಗದೆ, ಮೈಮೇಲೆ ಬೀಳಿಸಿಕೊಳ್ಳುತ್ತಾರೆ. ಉಡುಪಿಯ ರಥಬೀದಿಯಲ್ಲಿ ಅದೇ ಮೊಸರುಕುಡಿಕೆಯ ದಿನ, ಅಂದರೆ ವಿಟ್ಲಪಿಂಡಿಯಂದು, ಗೊಲ್ಲ ವೇಷದವರು ಗುರ್ಜಿ ಎಂಬ ಮರದ ಚೌಕಟ್ಟಿಗೆ ತೂಗುಹಾಕಿದ ಮಣ್ಣಿನ ಕುಡಿಕೆಗಳನ್ನು ಕೋಲಿನಿಂದ ಒಡೆಯುವುದೂ ಬೆಣ್ಣೆಕಳ್ಳನ ನೆಪದಲ್ಲೇ. ಎಣ್ಣೆ ಬಳಿದ ಅಡಿಕೆ ಮರದ ಜಾರುಕಂಬ ಏರುವವನ ಕಣ್ಣೂ ತುದಿಯ ಬಾಳೆಗೊನೆಯ ಮೇಲೆ.

ಸ್ಪೇನಿನ ಬುನ್ಯೋಲ್ ಪಟ್ಟಣದಲ್ಲೂ ಇಂಥದೇ ಕಂಬವೊಂದಿದೆ. ಜಿಡ್ಡು ಸವರಿದ ಆ ಕಂಬದ ತುದಿಯಲ್ಲಿರುವುದು ಹಂದಿಯ ತೊಡೆಮಾಂಸ. ಆದರೆ ಆಗಸ್ಟ್ ತಿಂಗಳ ಕೊನೆಯ ಬುಧವಾರ ಅಲ್ಲಿಗೆ ಬರುವವರಿಗೆ ಬೇಕಾದದ್ದು ಒಬ್ಬರ ಮೇಲೊಬ್ಬರು ಎಸೆಯಲು ಟೊಮೆಟೊ. 1945ರಲ್ಲಿ ಮೆರವಣಿಗೆಯೊಂದರಲ್ಲಿ ಜಗಳಕ್ಕಿಳಿದ ಹುಡುಗರು ತರಕಾರಿ ಅಂಗಡಿಗೆ ಕೈಹಾಕಿದ್ದರಿಂದ ಈ ಎಸೆದಾಟ ಶುರುವಾಯಿತಂತೆ. ಐವತ್ತರ ದಶಕದಲ್ಲಿ ನಿಷೇಧ ಬಂದಾಗ, 1957ರಲ್ಲಿ ಊರಿನವರು ದೊಡ್ಡ ಟೊಮೆಟೊ ಒಂದನ್ನು ಶವಪೆಟ್ಟಿಗೆಯಲ್ಲಿಟ್ಟು, ಬ್ಯಾಂಡು ಬಾರಿಸಿ, ಅಂತ್ಯಯಾತ್ರೆಯನ್ನೇ ನಡೆಸಿಬಿಟ್ಟರು. ನಿಷೇಧ ಹೋಯಿತು. ಈಗ ನಿಯಮಗಳಿವೆ: ಎಸೆಯುವ ಮೊದಲು ಹಣ್ಣನ್ನು ಹಿಸುಕಬೇಕು, ಆಟಕ್ಕೆ ಒಂದೇ ಗಂಟೆ.

2011ರಲ್ಲಿ ‘ಜಿಂದಗಿ ನಾ ಮಿಲೇಗಿ ದೊಬಾರಾ’ ಚಿತ್ರದಲ್ಲಿ ಆ ಕೆಂಪು ಓಕುಳಿ ಕಂಡದ್ದೇ ತಡ, ಬೆಂಗಳೂರು, ಮೈಸೂರುಗಳಲ್ಲೂ ಅಂಥದ್ದೇ ಆಟಕ್ಕೆ ತಯಾರಿ ನಡೆಯಿತು. ಹಣ್ಣು ಹಾಳಾಗುತ್ತದೆಂದು ಆಕ್ಷೇಪಗಳು ಬಂದವು. ಆಗಿನ ಮುಖ್ಯಮಂತ್ರಿ ಡಿ.ವಿ. ಸದಾನಂದ ಗೌಡರು ಅನುಮತಿ ಕೊಡಬೇಡಿ ಎಂದು ಪೊಲೀಸರಿಗೆ ಸೂಚಿಸಿದರು. ನಿರ್ಧಾರ ಸರಿಯಾಗಿಯೇ ಇತ್ತು. ಹಣ್ಣು ಹೊತ್ತು ತಂದ ರೈತನಿಗೆ, ಅದನ್ನು ತುಳಿದು ಕುಣಿಯಲು ಟಿಕೆಟ್ ಕೊಳ್ಳುವವರನ್ನು ನೋಡಬೇಕಾಗಿ ಬರಲಿಲ್ಲ. ಬೆಲೆ ಕುಸಿದಾಗ ಮಾತ್ರ ಕೋಲಾರದ ಕಡೆ ಅದೇ ರೈತ ತಾನೇ ಕ್ರೇಟುಗಟ್ಟಲೆ ಟೊಮೆಟೊವನ್ನು ರಸ್ತೆ ಬದಿಗೆ ಸುರಿದು ಹೋಗುತ್ತಾನೆ. ಸಾಗಣೆ ಬಾಡಿಗೆಯೂ ಹುಟ್ಟುವುದಿಲ್ಲ.